ಹೋದ ವಾರ ಗೆದ್ದಿರಾ?

ಮಾಮನ ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ಕೈಗವಸಿನ ಹಾಗೆ ಬಿದ್ದಿತ್ತು. ಎಡಗೈ ಅದರ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ, ಚರ್ಚಿನ ಪಕ್ಕದ ಬಾಡಿಗೆ ಸಭಾಂಗಣ, ಅವರು ಮೊದಲ ಸಾಲಿನಲ್ಲಿ. ವೇದಿಕೆಯ ಮೇಲೆ ನಾನು ಅವರನ್ನೇ ಅಣಕಿಸುತ್ತಿದ್ದೆ. "ನೋಡಿ, ಮಾಮ ಎಷ್ಟು ಜಿಪುಣರು ಅಂದ್ರೆ ಚಪ್ಪಾಳೆಗೂ ಒಂದೇ ಕೈ ಖರ್ಚು ಮಾಡ್ತಿದ್ದಾರೆ" ಎಂದು ಮೈಕಿನಲ್ಲಿ ಹೇಳಿದೆ. ಸಭೆ ನಕ್ಕಿತು. ಅವರೂ ನಕ್ಕರು, ಬಾಯಿಯ ಒಂದೇ ಬದಿಯಲ್ಲಿ. ಆ ನಗುವನ್ನೂ ಅಲ್ಲೇ ಅಣಕಿಸಿ ತೋರಿಸಿದೆ. ಸಭೆ ಇನ್ನೂ ಜೋರಾಗಿ ನಕ್ಕಿತು. ಅದು ಪಾರ್ಶ್ವವಾಯು ಎಂದು ನಮಗೆಲ್ಲ ಗೊತ್ತಾದದ್ದು ಕಾರ್ಯಕ್ರಮದ ಕೊನೆಗೆ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿದ್ದ ಮೇಲೆ.

ನನ್ನ ಪಾಲಿನ ಮೂರ್ಖತನ ಇದು. ಮೊದಲೇ ಹೇಳಿಬಿಟ್ಟರೆ ಮುಂದೆ ನನ್ನ ಬಗ್ಗೆ ಯಾರೂ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳುವ ಅಪಾಯವಿಲ್ಲ.

ನಮಗೆಲ್ಲ ಅವರು ಫಿಸಿಯೋ ಮಾಮ. ಉಡುಪಿ ಕಡೆಯವರು. ಜರ್ಮನಿಯ ಹೈಡೆಲ್‌ಬರ್ಗ್‌ನ ಅಂಚಿನಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ, ಎರಡು ಕೋಣೆಯ ಚಿಕಿತ್ಸಾಲಯ, ಅದರ ಹಿಂದೆಯೇ ಮನೆ. ನಾನು ಮೈಸೂರಿನವನು, ವಾಲ್‌ಡಾರ್ಫ್‌ನಲ್ಲಿ ಕೋಡ್ ಬರೆಯುತ್ತೇನೆ. ಅಂದರೆ ಸಂಬಳ ತಗೊಂಡು ಬೆನ್ನು ಹಾಳು ಮಾಡಿಕೊಳ್ಳುತ್ತೇನೆ. ಬೇರೆ ಕಡೆ ಫೋನ್ ಮಾಡಿದರೆ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳು ಎಂದರು. ಮಾಮ ನನ್ನ ಇಂಗ್ಲಿಷ್ ಕೇಳಿ, "ಮೈಸೂರಾ? ಭಾನುವಾರ ಬಾ" ಎಂದರು.

ಮೊದಲ ದಿನವೇ ಬೆನ್ನಿನ ಮೇಲೆ ಹೆಬ್ಬೆರಳು ಊರಿ ಕೇಳಿದರು: "ಎಂತ ಮಾರಾಯ, ಇದು ಬೆನ್ನಾ, ಹಲಸಿನ ಹಪ್ಪಳವಾ?"

"ನೋವಾಗ್ತಿದೆ ಮಾಮ."

"ನೋವಾದ್ರೆ ಒಳ್ಳೇದು. ಎಂತದೂ ಆಗದಿದ್ರೆ ಮಾತ್ರ ಹೆದರ್ಲಿಕ್ಕೆ ಉಂಟು."

ಅವರ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಯಾವಾಗಲೂ "ಬೇಡ". ಕಾಫಿ ಕೊಡಲೇ? ಬೇಡ. ಹೋಳಿಗೆ? ಬೇಡ. ಕಾರಿನಲ್ಲಿ ಬಿಡಲೇ? ಬೇಡ. ಆಮೇಲೆ ಕಾಫಿ ಕುಡಿದು, ಎರಡು ಹೋಳಿಗೆ ತಿಂದು, ಕಾರಿನ ಮುಂದಿನ ಸೀಟಿನಲ್ಲೇ ಕೂತು ಹೋಗುತ್ತಿದ್ದರು. ಮಾಮನ ಬೇಡ ಎಂದರೆ ಇನ್ನೊಂದು ಸಲ ಕೇಳು ಎಂದರ್ಥ. ಕೂಟದ ಹೆಂಗಸರು ಒಮ್ಮೆಗೇ ಎರಡು ಸಲ ಕೇಳಿ ಸಮಯ ಉಳಿಸುತ್ತಿದ್ದರು.

ಜರ್ಮನಿಗೆ ಬರುವ ಮೊದಲು ಅವರು ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ ಒಂದೇ ಒಂದು ಸೀಸನ್ ವೃತ್ತಿಪರ ರಗ್ಬಿ ಲೀಗ್ ತಂಡಕ್ಕೆ ಸಹಾಯಕ ಫಿಸಿಯೋ ಆಗಿದ್ದರು. ಆಮೇಲೆ ಇಲ್ಲಿ ಅರ್ಧ ಆಯುಷ್ಯ ಕಳೆದರು, ಮದುವೆಯಾದರು, ಮಗಳನ್ನು ಬೆಳೆಸಿದರು, ಹೆಂಡತಿಯನ್ನು ಮಣ್ಣು ಮಾಡಿದರು. ಆದರೆ ಕಥೆ ಹೇಳಲು ಕೂತರೆ ಬರುತ್ತಿದ್ದುದು ಆ ಒಂದು ಸೀಸನ್ ಮಾತ್ರ. ಹೈಡೆಲ್‌ಬರ್ಗ್‌ನಲ್ಲೂ ರಗ್ಬಿ ಆಡುತ್ತಾರಲ್ಲ ಎಂದರೆ ಮುಖ ಸಿಂಡರಿಸುತ್ತಿದ್ದರು. "ಇಲ್ಲಿಯದ್ದು ಹದಿನೈದು ಜನರದ್ದು. ನಮ್ಮದು ಹದಿಮೂರು. ಕಬಡ್ಡಿಯವನ ಕೈಗೆ ಚೆಂಡು ಕೊಟ್ಟು, ಉಸಿರು ಬಿಡ್ಲಿಕ್ಕೆ ಬಿಟ್ಟ ಹಾಗೆ. ಆರು ಸಲ ಬೀಳ್ಲಿಕ್ಕೆ ಉಂಟು, ಮತ್ತೆ ಚೆಂಡು ಅವರಿಗೆ."

ಆ ವರ್ಷ ತಂಡ ಮೇಲಿನ ದರ್ಜೆಗೆ ಹೊಸದಾಗಿ ಏರಿತ್ತು. ಏರಿದ್ದೇ ತಪ್ಪಾಯಿತು. ವಾರ ವಾರ ಸೋಲು. ಮಾಮನ ಕೆಲಸ ಬಕೆಟ್ಟು ಮತ್ತು ಸ್ಪಂಜು ಹಿಡಿದು ಗಡಿಗೆರೆಯಲ್ಲಿ ನಿಲ್ಲುವುದು, ಯಾರಾದರೂ ಬಿದ್ದರೆ ಓಡುವುದು. ನೀರು ಎಷ್ಟು ತಣ್ಣಗಿರುತ್ತಿತ್ತೆಂದರೆ ಅರ್ಧ ಪಂದ್ಯದ ಹೊತ್ತಿಗೆ ಬೆರಳು ಮರಗಟ್ಟಿ, ಹಿಡಿದದ್ದು ಸ್ಪಂಜೋ ಆಟಗಾರನ ಕಿವಿಯೋ ತಿಳಿಯುತ್ತಿರಲಿಲ್ಲವಂತೆ.

ತಲೆಗೆ ಪೆಟ್ಟಾದವನಿಗೆ ಐದು ಪ್ರಶ್ನೆ ಕೇಳಬೇಕಿತ್ತು. ಇದು ಯಾವ ಮೈದಾನ? ಮೊದಲರ್ಧವೋ ಎರಡನೆಯದೋ? ಕೊನೆಗೆ ಅಂಕ ಗಳಿಸಿದ್ದು ಯಾರು? ಹೋದ ವಾರ ಯಾರ ಮೇಲೆ ಆಡಿದಿರಿ? ಹೋದ ವಾರ ಗೆದ್ದಿರಾ?

"ಈ ಐದನೇದು ನಮಗೆ ಪ್ರಯೋಜನಕ್ಕಿಲ್ಲ ಮಾರಾಯ. ಹೆಂಡತಿ ಹೆಸರು ಮರೆತವನೂ ಅದಕ್ಕೆ ಸರಿಯಾಗಿ ಹೇಳ್ತಿದ್ದ, ಇಲ್ಲ ಅಂತ."

ಚಳಿಗಾಲ ಮುಗಿಯುವ ಹೊತ್ತಿಗೆ ತಂಡ ಹೇಗೋ ಒಂದು ಪಂದ್ಯ ಗೆದ್ದಿತು. ಯಾಕೆ ಗೆದ್ದಿತು ಎಂಬುದು ಮಾಮನಿಗೂ ಅರ್ಥವಾಗಿರಲಿಲ್ಲ. ಮುಂದಿನ ವಾರ ಒಬ್ಬ ಕುಳ್ಳ ಆಟಗಾರ, ತಂಡದಲ್ಲಿ ಸ್ವಲ್ಪ ಓಡಲು ಬರುತ್ತಿದ್ದವನು ಅವನೊಬ್ಬನೇ, ಎದುರಾಳಿಯ ಮೊಣಕಾಲಿಗೆ ತಲೆ ಬಡಿಸಿಕೊಂಡು ಬಿದ್ದ. ಮಾಮ ಓಡಿದರು. ನಾಲ್ಕು ಪ್ರಶ್ನೆಗೂ ಉತ್ತರ ಸರಿ. ಹೋದ ವಾರ ಗೆದ್ದಿರಾ? "ಇಲ್ಲ."

ಮಾಮ ಅವನನ್ನು ಹೊರಗೆ ಕರೆತಂದರು. ಕೋಚ್ ಬೊಬ್ಬೆ ಹೊಡೆದ. ಅಭ್ಯಾಸಬಲದಿಂದ ಬಾಯಿಗೆ ಬಂತು, ಬಿಡಿ ಎಂದು ಆಟಗಾರನೇ ಬೇಡಿಕೊಂಡ. ಬಿಡಲಿಲ್ಲ. ಪಂದ್ಯ ಹೋಯಿತು. ಸೀಸನ್ ಮುಗಿದಾಗ ತಂಡ ಕೆಳಗಿಳಿಯಿತು, ಮಾಮನ ಕೆಲಸವೂ ಹೋಯಿತು.

"ಅವನಿಗೆ ನಿಜವಾಗ್ಲೂ ಪೆಟ್ಟಾಗಿತ್ತಾ?" ಎಂದು ಕೇಳಿದ್ದೆ.

"ಗೊತ್ತಿಲ್ಲ."

"ಮತ್ತೆ ಯಾಕೆ ಎಳ್ಕೊಂಡು ಬಂದ್ರಿ?"

"ಅಭ್ಯಾಸದ್ದಾ ತಲೆಯದ್ದಾ ಅಂತ ಹೊರಗಿಂದ ಕಾಣ್ಲಿಕ್ಕಿಲ್ಲ. ಕಾಣದಿದ್ರೆ ಇನ್ನೊಂದು ಪ್ರಶ್ನೆ ಕೇಳ್ಬೇಕು. ನನ್ನ ಹತ್ರ ಇದ್ದದ್ದು ಐದೇ."

ಈ ಕಥೆಯನ್ನು ನಾನು ಎಷ್ಟು ಸಲ ಅಣಕಿಸಿದ್ದೇನೋ. ಅವರ ಎದುರೇ, ಅವರ ಮನೆಯ ಕಸದ ಡಬ್ಬಿಯನ್ನೇ ಬಕೆಟ್ಟು ಮಾಡಿಕೊಂಡು. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ತಿದ್ದುತ್ತಿದ್ದರು. "ಸ್ವರ ಸರಿ ಉಂಟು. ಕೈ ತಪ್ಪು. ಬಕೆಟ್ಟು ಎಡಗೈಯಲ್ಲಿ. ಬಲಗೈ ಅವನ ತಲೆ ಹಿಡೀಲಿಕ್ಕೆ."

ಆಸ್ಪತ್ರೆಯಿಂದ ಅವರ ಮಗಳು ಫೋನ್ ಮಾಡಿದಾಗ ನಾನು ಮೀಟಿಂಗಿನಲ್ಲಿದ್ದೆ. ಅವಳು ಇಲ್ಲೇ ಹುಟ್ಟಿದವಳು; ಅವಳ ಕನ್ನಡ "ಊಟ ಆಯ್ತಾ" ಎಂಬಲ್ಲಿಗೆ ಮುಗಿಯುತ್ತದೆ. ಮಾಮನ ಜರ್ಮನ್ ಹೋಗಿತ್ತು. ಇಂಗ್ಲಿಷ್ ಹೋಗಿತ್ತು. ಉಳಿದಿದ್ದ ಪದ ಒಂದೇ.

"ಎಲ್ಲದಕ್ಕೂ ಬೇಡ ಅಂತಾರೆ" ಎಂದಳು ಅವಳು ಜರ್ಮನ್‌ನಲ್ಲಿ. "ದಿಂಬಿಗೂ, ಕಿಟಕಿಗೂ."

ಗಂಟಲು ನುಂಗುವುದನ್ನು ಮರೆತಿತ್ತು. ಊಟಕ್ಕೆಂದು ಮೂಗಿಗೆ ಹಾಕಿದ ನಳಿಗೆಯನ್ನು ಅವರು ಎಡಗೈಯಿಂದ ಎಳೆದು ಹಾಕಿದ್ದರು. ಮತ್ತೆ ಹಾಕಿದ್ದರು, ಮತ್ತೆ ಎಳೆದಿದ್ದರು. ಇನ್ನು ಹೊಟ್ಟೆಗೆ ತೂತು ಮಾಡಿ ಶಾಶ್ವತ ನಳಿಗೆ ಇಡಬೇಕು. ಇಡದಿದ್ದರೆ ಕೆಲವೇ ವಾರ. ನಾನು ಆಸ್ಪತ್ರೆ ತಲುಪಿದಾಗ ವೈದ್ಯೆ ನನಗೆ ನಿಧಾನವಾಗಿ, ಮಗುವಿಗೆ ಹೇಳುವಂತೆ ವಿವರಿಸಿದರು. ತಿಳಿದು ಬೇಡ ಎನ್ನುತ್ತಿದ್ದರೆ ನಾವು ಮುಟ್ಟುವುದಿಲ್ಲ. ಸುಮ್ಮನೆ ಬಾಯಿಗೆ ಬರುವ ಸದ್ದಾಗಿದ್ದರೆ ಮಗಳು ನಿರ್ಧರಿಸಬೇಕು.

"ಪಾಪಾನ 'ಬೇಡ' ನಂಗೆ ಗೊತ್ತು" ಎಂದಳು ಮಗಳು. ಈ ಸಲ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ. "ಅದು ಬೇಕು."

ಹೋಳಿಗೆಯ ಲೆಕ್ಕದಲ್ಲಿ ಅವಳು ಹೇಳಿದ್ದು ಸರಿ.

ವೈದ್ಯೆ ಹೇಳಿದ್ದನ್ನು ನನ್ನ ಮೈಸೂರು ಕನ್ನಡದಲ್ಲಿ ಅಚ್ಚುಕಟ್ಟಾಗಿ ಅನುವಾದಿಸಿದೆ. ಇವತ್ತು ಯಾವ ವಾರ ಮಾಮ? ಬೇಡ. ನಾನು ಯಾರು ಗೊತ್ತಾಯ್ತಾ? ಬೇಡ. ನಳಿಗೆ ಹಾಕ್ಲಾ? ಬೇಡ. ವೈದ್ಯೆ ಪೆನ್ನಿನ ಮುಚ್ಚಳ ಹಾಕಿದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಅಳು ಬರಲಿಲ್ಲ, ಭಯವಾಗಲಿಲ್ಲ, ಕಾಲು ಜೋಮು ಹಿಡಿದಾಗ ಅದು ನಮ್ಮದಲ್ಲ ಅನಿಸುತ್ತದಲ್ಲ, ಹಾಗೆ ಇಡೀ ನಾನೇ ನನ್ನದಲ್ಲ ಅನಿಸಿತು. ಅಂಥ ಹೊತ್ತಿನಲ್ಲಿ ನನಗೆ ಬರುವ ವಿದ್ಯೆ ಒಂದೇ. ಲ್ಯಾಪ್‌ಟಾಪ್ ಚೀಲವನ್ನು ಎಡಗೈಗೆ ತಗೊಂಡೆ. ಬಲಗೈಯಿಂದ ಅವರ ತಲೆ ಹಿಡಿದೆ. ಅವರದೇ ಸ್ವರದಲ್ಲಿ, ಮೂಗು ಸ್ವಲ್ಪ ಕಟ್ಟಿಸಿ, ಶುರು ಮಾಡಿದೆ: "ಇದು ಯಾವ ಮೈದಾನ ಮಾರಾಯ?"

ಅವರ ಕಣ್ಣು ನನ್ನ ಎಡಗೈಯಲ್ಲಿದ್ದ ಚೀಲದ ಮೇಲೆ ನಿಂತಿತು. ಅಲ್ಲಿಂದ ಬಲಗೈಗೆ ಬಂತು. ಬೇಡ ಎನ್ನಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು ಕೇಳಿದೆ, ಕೇಳುತ್ತಲೇ ಇದ್ದರು. ಐದನೆಯದನ್ನೂ ಕೇಳಿದೆ. ತುಟಿಯ ಒಂದು ಬದಿ ಬಹಳ ಹೊತ್ತು ಒದ್ದಾಡಿತು. ಆಮೇಲೆ ಉತ್ತರ ಬಂತು, ತುಂಡು ತುಂಡಾಗಿ, ಆದರೆ ಪೂರ್ತಿ.

ನಾನು ಅದನ್ನು ಜರ್ಮನ್‌ಗೆ ತಿರುಗಿಸಿದೆ, ಹಿಂದಿನ ಕಥೆಯನ್ನೂ ಎರಡು ವಾಕ್ಯದಲ್ಲಿ ಸೇರಿಸಿದೆ. ವೈದ್ಯೆ ಪೆನ್ನಿನ ಮುಚ್ಚಳ ತೆಗೆದು, ನಳಿಗೆಯ ವಿಷಯ ಮತ್ತೊಮ್ಮೆ ಕೇಳಿ ಎಂದರು. ಕೇಳಿದೆ. ಬೇಡ ಎಂದರು. ಮಗಳು ಎರಡನೇ ಸಲ ಕೇಳಲಿಲ್ಲ.

ಅವರು ಹೋದದ್ದು ಬೇಕರಿಯ ಮೇಲಿನ ಮನೆಯಲ್ಲೇ, ಕೆಳಗೆ ಬ್ರೆಡ್ಡು ಬೇಯುವ ಬೆಳಗಿನ ಹೊತ್ತಿನಲ್ಲಿ. ಆ ದಿನ ಆಫೀಸಿಗೆ ಹೋಗಿ ಎಂದಿನ ಹಾಗೆ ಮ್ಯಾನೇಜರನ್ನು ಅಣಕಿಸಿ ನಾಲ್ಕು ಜನರನ್ನು ನಗಿಸಿದೆ. ಬೆನ್ನು ಕೂಡ ನೋಯಲಿಲ್ಲ. ಎಂತದೂ ಆಗದಿದ್ರೆ ಹೆದರ್ಲಿಕ್ಕೆ ಉಂಟು ಎಂದಿದ್ದರಲ್ಲ, ಆ ಹೆದರಿಕೆಗಾಗಿ ಈಗಲೂ ಕಾಯುತ್ತಿದ್ದೇನೆ.

ಕೂಟದವರು ಆಗಾಗ ಕೇಳುತ್ತಾರೆ, ಬೇರೆ ಒಂದು ಪದವೂ ಬಾರದವರ 'ಬೇಡ'ವನ್ನು ವೈದ್ಯರು ಹೇಗೆ ನಂಬಿದರು ಎಂದು. ನಾನು ಕೇಳಿದ್ದು ಹೋದ ವಾರ ಗೆದ್ದಿರಾ ಎಂದು. ಅವರು ಅಂದದ್ದು:

"ಅದು ಆಡಿದವನಿಗೆ ಕೇಳ್ಲಿಕ್ಕೆ, ಮಾರಾಯ. ನಾನು ಬಕೆಟ್ಟಿನವ."