ಅಣ್ಣನ ಮಗ್ಗುಲಿಗೆ ಬಡಿದ ಗೂಟ

ಈಚೆಗೆ ಒಂದು ದಿನ ನಮ್ಮ ಅಣ್ಣನ ಮಗ್ಗುಲಿಗೆ ಯಾರೋ ಒಂದು ಕಬ್ಬಿಣದ ಗೂಟ ಬಡಿದು ಹೋದರು.

ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಗೂಟ ಬಡಿದವರ ಕಾಗದದಲ್ಲಿ ಆ ಮಣ್ಣಿನಡಿ ಅವನಿದ್ದಾನೆ ಅನ್ನುವುದೇ ಇರಲಿಲ್ಲ.

ಸುದ್ದಿ ಬಂದದ್ದು ವೈನಿಯ ಫೋನಿನಿಂದ. (ವೈನಿ ಅಂದರೆ ಅಣ್ಣನ ಹೆಂಡತಿ, ಹೆಸರು ಕಾಶವ್ವ. ತೆಂಕಣದ ಓದುಗರಿಗಾಗಿ ಈ ಬ್ರಾಕೆಟ್ಟು.) ನಾನು ರೋಣದ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಕರ್ತರಿ, ಕರ್ಮಣಿ ಪ್ರಯೋಗ ಹೇಳುತ್ತಿದ್ದೆ. ಪಾಠದ ಹೊತ್ತಿಗೆ ವೈನಿ ಎಂದೂ ಫೋನ್ ಮಾಡುವವಳಲ್ಲ. ಹೊರಗೆ ಬಂದು ಎತ್ತಿದೆ.

"ಗಿರಿಜವ್ವಾ, ಗಾಯರಾಣದಾಗ ಕೆಂಪ್ ಬಾವುಟದ ಗೂಟ ಬಡದಾರ. ಒಂದ್ ನಿಮ್ಮಣ್ಣನ ಮಗ್ಗಲಕ್ಕ ಬಂದೈತಿ. ಕೀಳ್ಲೋ ಬ್ಯಾಡೋ?"

"ಕೀಳಬ್ಯಾಡ ವೈನಿ. ನಾ ಬರತೇನಿ."

ಯಾಕೆ ಕೀಳಬೇಡ ಅಂದೆ? ಒಂದು ಕ್ಷಣವೂ ಯೋಚಿಸಿರಲಿಲ್ಲ. ಸರ್ಕಾರಿ ಗೂಟ, ಕಿತ್ತರೆ ಕೇಸು. ಅಷ್ಟೇ ತಲೆಗೆ ಬಂದದ್ದು. ಇಪ್ಪತ್ತು ವರ್ಷ ಸರ್ಕಾರಿ ಪಗಾರ ಉಂಡವಳ ತಲೆ ಹೀಗೇ ಓಡುತ್ತದೆ.

ಭಾನುವಾರ ಬೆಳಗಿನ ಬಸ್ಸು ಹಿಡಿದೆ. ಯಾವಗಲ್ ದಾಟಿ ಒಳರಸ್ತೆಗೆ ಹೊರಳಿದರೆ ನಮ್ಮೂರು. ಹೆಸರು ಬರೆಯುವುದಿಲ್ಲ. ಹೆದರಿಕೆ ಅಂತಲೇ ತಿಳಿಯಿರಿ. ಒಳರಸ್ತೆ ಕವಲೊಡೆಯುವ ಫಾಟಾದಿಂದ ಯಾರದೋ ಟ್ರ್ಯಾಕ್ಟರ್ ಸಿಕ್ಕಿತು. ಡ್ರೈವರ್ ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ಊರು ಮುಟ್ಟಿದೆ.

ಗಾಯರಾಣ, ಅಂದರೆ ಗೋಮಾಳ, ಊರ ಹಿಂದಿದೆ. ಕಾಗದದ ಮೇಲೆ ಸರ್ಕಾರದ್ದು, ನಡೆದಾಡುವುದಕ್ಕೆ ಊರಿನದ್ದು. ಎಲ್ಲರ ದನ, ಕುರಿ, ಆಡು ಮೇಯುವುದು ಅಲ್ಲೇ. ಬಡಗಣ ಮೂಲೆಯಲ್ಲಿ ಊರು ತನ್ನವರನ್ನು ಮಣ್ಣು ಮಾಡುತ್ತ ಬಂದಿದೆ. ಕಲ್ಲು ಕಟ್ಟಿಸಿದ ಗದ್ದುಗೆ ಎರಡೋ ಮೂರೋ. ಉಳಿದವರಿಗೆಲ್ಲ ತಲೆಯ ಕಡೆ ಒಂದು ಲೋಳಸರದ ಗಿಡ, ಇಲ್ಲವೆ ಒಂದು ಗುಂಡುಕಲ್ಲು. ಎರಡು ಮಳೆಗಾಲ ಹೋದರೆ ದಿಬ್ಬ ನೆಲಕ್ಕೆ ಸಮ.

ವೈನಿ ಅಲ್ಲೇ ನಿಂತಿದ್ದಳು, ಹನ್ನೊಂದು ಆಡುಗಳ ನಡುವೆ. ಅಣ್ಣನ ಲೋಳಸರದಿಂದ ಎರಡು ಹೆಜ್ಜೆಗೆ ಗೂಟ. ಒಂದು ಹೋತ ಅದಕ್ಕೆ ಕುತ್ತಿಗೆ ತಿಕ್ಕುತ್ತಿತ್ತು.

"ಯಾರ ಬಂದಿದ್ರು?"

"ನಾಕು ಮಂದಿ. ಮೂರ್ ಕಾಲಿನ ಮಿಷನ್ ಹಿಡಕೊಂಡು. ಇಲ್ಲಿ ಹೆಣ ಅದಾವ್ರಿ ಅಂದೆ. ಸರ್ಕಾರಿ ಜಾಗ ಐತಿ, ನಿಮಗೇನ್ ಸಂಬಂಧ ಅಂದ್ರು."

ನಿಮಗೇನು ಸಂಬಂಧ! ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ.

ಪಂಚಾಯ್ತಿಗೆ ಹೋದೆವು. ಬಾಗಿಲು ಬಂದ್. ಹೊರಗಿನ ಗೋಡೆಯ ಮೇಲೆ ಪೋಲಿಯೋ ಪೋಸ್ಟರಿನ ಅಡಿ ಅರ್ಧ ಮುಚ್ಚಿಹೋದ ಒಂದು ನೋಟೀಸು. ಸೋಲಾರ್ ವಿದ್ಯುತ್ ಉತ್ಪಾದನೆಗೆ ಸರ್ಕಾರಿ ಜಮೀನು ಗುತ್ತಿಗೆ ಕೊಡುವ ನಿಯಮದ ಪ್ರಕಾರ ನಮ್ಮ ಗಾಯರಾಣವನ್ನು ಒಂದು ಕಂಪನಿಗೆ ಕೊಡುವ ವಿಚಾರ. ಜಮೀನು ಬಳಕೆಯಲ್ಲಿ ಇಲ್ಲವೆಂದು ಪರಿಗಣಿಸಲಾಗಿದೆ. ಗುತ್ತಿಗೆಗೆ ನೀಡಲಾಗುವುದು. ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು.

ನಾನು ಕನ್ನಡ ಟೀಚರು. ಅದನ್ನು ಮೂರು ಸಲ ಓದಿದೆ. ಒಂದು ವಾಕ್ಯದಲ್ಲೂ ಕರ್ತೃ ಇಲ್ಲ. ಯಾರು ಪರಿಗಣಿಸಿದರು? ಯಾರು ಭಾವಿಸುತ್ತಾರೆ? ಮಕ್ಕಳಿಗೆ ಅಂಥ ವಾಕ್ಯ ಬೋರ್ಡಿನ ಮೇಲೆ ಬರೆದು ತೋರಿಸುವಾಗ ಎಂದೂ ಭಯ ಆಗಿರಲಿಲ್ಲ. ಅವತ್ತು ಆಯಿತು. ಯಾರ ಹತ್ತಿರ ಹೋಗಿ ಜಗಳ ಮಾಡುವುದು?

ಕೊನೆಯ ಸಾಲು ನೋಡಿದೆ. ಆಕ್ಷೇಪಣೆಗೆ ಉಳಿದದ್ದು ಎರಡೇ ದಿನ.

ಕಟ್ಟೆಯ ಮೇಲೆ ಶಿವಪ್ಪ ಕಾಕಾ ಕೂತಿದ್ದ. ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವನು. "ಓದಿದಾಕಿ ಬಂದೀದಿ ಅಂತ ಮಂದೀನ್ನ ಎಬ್ಬಸಬ್ಯಾಡ," ಅಂದ. "ಕರೆಂಟ್ ಇಲ್ಲಂತ ನನ್ನ ಕೊಳ್ಳಪಟ್ಟಿ ಹಿಡದೋರು ಇದ ಊರಿನ ಮಂದಿ. ಈಗ ಊರಾಗ ಕರೆಂಟ್ ಹುಟ್ಟತೈತಿ ಅಂದ್ರ ಬ್ಯಾಡೇನು?"

ಅವನದು ಸುಳ್ಳಲ್ಲ. ಹೋದ ವರ್ಷ ನಾನೇ ಈ ಅಂಕಣದಲ್ಲಿ ಗಜೇಂದ್ರಗಡದ ಗುಡ್ಡದ ಮೇಲಿನ ಫ್ಯಾನುಗಳನ್ನು ಹೊಗಳಿ ಬರೆದಿರಲಿಲ್ಲವೆ? ಹೊಗೆಯಿಲ್ಲ, ಬೂದಿಯಿಲ್ಲ, ಗಾಳಿಯಿಂದ ಬೆಳಕು ಎಂದೆಲ್ಲ. ಬಸ್ಸಿನ ಕಿಟಕಿಯಿಂದ ನೋಡಿ ಬರೆದದ್ದು. ಕೆಳಗೆ ಯಾರ ಆಡು ಮೇಯುತ್ತಿದ್ದವು ಅಂತ ಇಳಿದು ಕೇಳಿರಲಿಲ್ಲ.

"ಕರೆಂಟ್ ಬೇಕು ಕಾಕಾ. ನಮ್ಮಪ್ಪ, ನಮ್ಮಣ್ಣ ಅಲ್ಲಿ ಅದಾರ. ಅವರನ್ನ ಎಲ್ಲಿಗೆ ಒಯ್ಯೂದು?"

ಕಾಕಾ ಹೆಗಲ ಟವೆಲ್ ಕೊಡವಿ ಎದ್ದು ಹೋದ. ಅವನ ಹೆಂಡತಿಯೂ ಆ ಮೂಲೆಯ ಮಣ್ಣಿನಲ್ಲೇ ಇದ್ದಾಳೆ.

ಮನೆಗೆ ಬಂದು ತಕರಾರು ಅರ್ಜಿ ಬರೆಯಲು ಕೂತೆ. ಒಂದು ಪುಟ ಆಗಿತ್ತೋ ಇಲ್ಲವೋ, ಬಾಗಿಲಿಗೆ ಬೈಕ್ ಬಂದು ನಿಂತಿತು. ಇಳಿದವರು ನಲವತ್ತು ದಾಟಿದ ಮನುಷ್ಯ. ಇಸ್ತ್ರಿ ಅಂಗಿ, ಹಸನ್ಮುಖ. ಕಂಪನಿಯ ಕಡೆಯವರು.

"ನಮಸ್ಕಾರ್ರಿ ಗಿರಿಜಾ ಮೇಡಂ."

ಹೆಸರು ಗೊತ್ತಿತ್ತು. ನಾನು ಊರಿಗೆ ಬಂದು ಮೂರು ತಾಸು ಆಗಿರಲಿಲ್ಲ.

ವೈನಿ ಚಹಾ ಕೊಟ್ಟಳು. (ಬಂದವರಿಗೆ ಕೊಡಬೇಕಲ್ಲ.) ಅವರು ಚಹಾ ಚಲೋ ಆಗಿದೆ ಅಂದರು. ತಾವೂ ಇದೇ ಕಡೆಯವರು ಅಂದರು. "ನಿಮ್ಮ ಅಂಕಣ ಓದತೇನ್ರಿ ನಾನು. ಫ್ಯಾನಿನ ಮ್ಯಾಲ ಬರದದ್ದು ಭಾಳ ಚಲೋ ಇತ್ತು. ಕಟ್ ಮಾಡಿ ಇಟಗೊಂಡೇನಿ."

ಅರ್ಜಿಯ ಕಾಗದ ಮಗುಚಿ ಇಟ್ಟೆ.

"ಇದು ಪೂರಾ ಕಾನೂನು ಪ್ರಕಾರ ನಡದೈತ್ರಿ ಮೇಡಂ. ನೀವು ತ್ರಾಸ್ ತಗೊಬ್ಯಾಡ್ರಿ," ಅಂದರು. ಲೋಟ ಕೆಳಗಿಟ್ಟು ಅಷ್ಟೇ ಮೆತ್ತಗೆ ಕೇಳಿದರು, "ನಿಮ್ಮದು ಈ ವರ್ಷ ವರ್ಗಾವಣಿ ಬರತೈತೆಲ್ಲ?"

ಅಷ್ಟೇ. ಬೆದರಿಕೆ ಅಂತ ಯಾವ ಮಾತಿಗೆ ಹೇಳಲಿ? ವರ್ಗಾವಣೆಯ ವಿಷಯ ನೆಂಟರೂ ಕೇಳುತ್ತಾರೆ. ಆದರೆ ಬೈಕ್ ಹೋದ ಮೇಲೆ ಪೆನ್ನು ಹಿಡಿಯಲು ನನಗೆ ಬಹಳ ಹೊತ್ತು ಬೇಕಾಯಿತು. ಅಕ್ಷರ ನನ್ನದೇ ಅಂತ ಗೊತ್ತಾಗಬಾರದೆಂದು ಕೈ ತಿರುಗಿಸಿ ದುಂಡಗೆ ಬರೆದೆ. ಯಾರಿಗೂ ಹೇಳಿರಲಿಲ್ಲ ಇದನ್ನು.

ಸಂಜೆ ಹೆಣ್ಣುಮಕ್ಕಳು ಬಂದರು. ಎಲ್ಲರಿಗೂ ಅವರವರ ಅಂಜಿಕೆ. ಒಬ್ಬಳಿಗೆ ರೇಷನ್ ಕಾರ್ಡ್ ಕಟ್ ಆದೀತು ಅಂತ. ಒಬ್ಬಳ ಗಂಡನಿಗೆ ಕಂಪನಿ ವಾಚ್‌ಮನ್ ಕೆಲಸ ಕೊಡುತ್ತೇನೆ ಅಂದಿದೆ. ವೈನಿಗೆ ವಿಧವಾ ಪಗಾರದ (ಪಿಂಚಣಿಯ) ಚಿಂತೆ.

"ಸಹಿ ಮಾಡಿದ್ರ ಪಗಾರ ನಿಂದರಸ್ತಾರೇನು?"

"ಹಂಗ ನಿಂದರಸಾಕ ಬರೂದಿಲ್ಲ ವೈನಿ."

"ನಿನಗ ಖರೇ ಗೊತ್ತೇನು?"

ಗೊತ್ತಿರಲಿಲ್ಲ. ಹಾಗಂತ ಹೇಳಿದೆ ಕೂಡ. ವೈನಿ ಕಾಗದ ಹತ್ತಿರ ಎಳೆದುಕೊಂಡಳು. ನಾಲ್ಕನೇ ಇಯತ್ತೆ ಕಲಿತವಳು. ಒತ್ತಿ ಒತ್ತಿ ಕಾಶವ್ವ ಅಂತ ಬರೆದಳು. ಅವಳ ಹಿಂದೆ ಉಳಿದವರ ಸಹಿ, ಹೆಬ್ಬೆಟ್ಟು.

ಕಾಗದ ತಿರುಗಿ ನನ್ನ ಕೈಗೆ ಬಂತು. ಸಹಿ ಮಾಡದೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ವೈನಿ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿಯ ಶಿಕ್ಕಾ ಹಾಕಿಸಿಕೊಂಡು ಬಂದದ್ದು ಮಾತ್ರ ನಾನೇ. ಹತ್ತು ದಿನದ ಮೇಲೆ ಜಾಗದ ಪರಿಶೀಲನೆಗೆ ಸರ್ವೇಯರ್ ಬರುತ್ತಾರೆ ಅಂತ ಸುದ್ದಿ. ಅವತ್ತು ರಜೆ ಹಾಕಿದೆ.

ಸರ್ವೇಯರ್ ಸಾಹೇಬರು ಸಣಕಲು ಮನುಷ್ಯ. ಬಿಸಿಲಿಗೆ ಟವೆಲ್ ಹೊದ್ದು ಬಂದಿದ್ದರು. ಇಸ್ತ್ರಿ ಅಂಗಿಯವರೂ ಇದ್ದರು. ಸಾಹೇಬರು ಉತಾರ ಬಿಚ್ಚಿ ನಮಗೇ ತೋರಿಸಿದರು. (ಉತಾರ ಅಂದರೆ ಪಹಣಿ.) ಗಾಯರಾಣ ಅಂತ ಇದೆ, ಸರ್ಕಾರ ಅಂತ ಇದೆ. ಸ್ಮಶಾನ ಅನ್ನುವ ಶಬ್ದ ಎಲ್ಲೂ ಇಲ್ಲ.

"ದಾಖಲೆ ಇಲ್ಲದ್ದು ನಾ ಹ್ಯಾಂಗ ಬರಕೊಳ್ಳಲಿ? ಎಲ್ಲಿಂದ ಎಲ್ಲೀತನಕ ಹೆಣ ಅದಾವು? ಗುರುತಾದರೂ ತೋರಸ್ರಿ."

ಗುರುತು? ಹತ್ತಾರು ಲೋಳಸರದ ಗಿಡ. ಅದರಲ್ಲಿ ಅರ್ಧ ಆಡು ತಿಂದದ್ದು.

ಇಸ್ತ್ರಿ ಅಂಗಿಯವರು ಗಡಿಯಾರ ನೋಡಿಕೊಂಡರು. ಆಗ ವೈನಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಡೆದು ಹೋಗಿ ಅಣ್ಣನ ತಲೆಯ ಕಡೆ ನಿಂತಳು.

"ಇಲ್ಲಿ ನನ್ನ ಗಂಡ ಅದಾನ್ರಿ. ಬರಕೋರ್ರಿ."

ಅವಳ ಹಿಂದೆ ಇನ್ನೊಬ್ಬಳು ಹೋಗಿ ತನ್ನ ಅತ್ತೆಯ ಜಾಗದಲ್ಲಿ ನಿಂತಳು. ಮತ್ತೊಬ್ಬಳು. ಗಂಡಸರೂ ಹೊರಟರು. ಶಿವಪ್ಪ ಕಾಕಾ ಯಾರ ಮುಖವನ್ನೂ ನೋಡದೆ ಹೋಗಿ ತನ್ನ ಹೆಂಡತಿಯ ಹತ್ತಿರ ನಿಂತ. ನೋಡುನೋಡುವಷ್ಟರಲ್ಲಿ ಖಾಲಿ ಇದ್ದ ಮೂಲೆಯ ತುಂಬ ಮಂದಿ. ಒಬ್ಬೊಬ್ಬರಾಗಿ, ಅಲ್ಲೊಬ್ಬರು ಇಲ್ಲೊಬ್ಬರು, ಕೈಕಟ್ಟಿಕೊಂಡು.

ಗಂಗವ್ವಜ್ಜಿ ಮಾತ್ರ ತಿರುಗುತ್ತಲೇ ಇದ್ದಳು. ಎಷ್ಟೋ ವರ್ಷದ ಹಿಂದೆ ಎರಡು ತಿಂಗಳ ಕೂಸನ್ನು ಮಣ್ಣು ಮಾಡಿದವಳು. "ಇಲ್ಲೇ ಇರಬೇಕು," ಅಂತ ನಿಂತಳು. ಮತ್ತೆ, "ಇಲ್ಲ, ಆಚೀಕ," ಅಂತ ನಾಲ್ಕು ಹೆಜ್ಜೆ ಸರಿದಳು. ಅಲ್ಲೂ ನಿಲ್ಲಲಿಲ್ಲ. ಬಾಗಿ ನೆಲ ಮುಟ್ಟಿ ಮುಟ್ಟಿ ನೋಡಿದಳು.

"ಸಾವಕಾಶ ಹುಡಕವಾ. ನಮಗೇನ್ ಅವಸರಿಲ್ಲ," ಅಂದರು ಸರ್ವೇಯರ್ ಸಾಹೇಬರು. ಕಡೆಗೆ ಅಜ್ಜಿ ನಿಂತ ಎರಡೂ ಕಡೆ ಗುರುತು ಹಾಕಿಕೊಂಡರು.

ನಮ್ಮಪ್ಪನ ಜಾಗ ಖಾಲಿ ಇತ್ತು. ಅಣ್ಣನಿಂದ ಬಲಕ್ಕೆ ಹತ್ತು ಹೆಜ್ಜೆ. ಅಲ್ಲಿ ನಿಲ್ಲಲು ನಮ್ಮ ಮನೆಯಲ್ಲಿ ನನ್ನ ಬಿಟ್ಟು ಯಾರೂ ಉಳಿದಿಲ್ಲ. ಇಸ್ತ್ರಿ ಅಂಗಿಯವರು ಮೊಬೈಲ್ ತೆಗೆದು ಎಲ್ಲರ ಫೋಟೋ ಹೊಡೆಯುತ್ತಿದ್ದರು. ವರ್ಗಾವಣೆಯ ಮಾತು ನೆನಪಾಯಿತು, ಸುಳ್ಳು ಯಾಕೆ ಹೇಳಲಿ? ಹೋದೆ. ನಿಂತೆ. ಮೊಬೈಲ್ ನನ್ನ ಕಡೆ ಹೊರಳಿತು. ಒಂದು ಸಲ, ಮತ್ತೊಂದು ಸಲ.

ಇತ್ತೀಚೆಗೆ ಸಮುದ್ರದೊಳಗೂ ಗಾಳಿಕಂಬ ನಿಲ್ಲಿಸಲು ನೀರನ್ನು ಗುತ್ತಿಗೆ ಕೊಡುವ ನಿಯಮ ಬಂದಿದೆ ಅಂತ ಓದಿದೆ. ನಮ್ಮಲ್ಲಿ ನೆಲವಾದರೂ ಇತ್ತು, ಹೋಗಿ ನಿಂತೆವು. ಮೀನು ಹಿಡಿಯುವವರು ತಮ್ಮ ಜಾಗ ಎಲ್ಲಿ ನಿಂತು ತೋರಿಸುತ್ತಾರೆ?

ಏನಾಯಿತು ಅಂತ ಕೇಳುತ್ತೀರಿ. ಸಾಹೇಬರು ಆ ಮೂಲೆಯನ್ನು ನಕಾಶೆಯಲ್ಲಿ ಸ್ಮಶಾನ ಅಂತ ಗೆರೆ ಹಾಕಿ ಬೇರೆ ಮಾಡಿದರು. ಅಣ್ಣನ ಮಗ್ಗುಲ ಗೂಟವನ್ನು ತಾವೇ ಅಲ್ಲಾಡಿಸಿ ಕಿತ್ತು ದೂರ ಹಾಕಿಸಿದರು. ವೈನಿ ಆ ತೂತಿಗೆ ಮಣ್ಣು ತುಂಬಿ ಅಂಗೈಯಿಂದ ತಟ್ಟಿದಳು, ಕೂಸಿನ ಬೆನ್ನು ತಟ್ಟಿದ ಹಾಗೆ.

ಆದರೆ ಆಡು ಮೇಯುವ ಉಳಿದ ನೆಲದ ಬಗ್ಗೆ ವರದಿ ಮೇಲೆ ಹೋಗಿದೆ. ಉತ್ತರ ಬಂದಿಲ್ಲ. ಉತ್ತರಕ್ಕಿಂತ ಮೊದಲು ಲಾರಿಯಲ್ಲಿ ಬೇಲಿಯ ಕಂಬ ಬಂದು ಬಿದ್ದಿವೆ. ವೈನಿ ಈಗ ಹೊತ್ತು ಹುಟ್ಟುವ ಮೊದಲೇ ಆಡು ಹೊಡೆದುಕೊಂಡು ಹೋಗುತ್ತಾಳೆ, ಮೇವು ಇರಲಿ ಇಲ್ಲದಿರಲಿ, ಕತ್ತಲಾಗುವವರೆಗೂ ಅಲ್ಲೇ ಕೂರುತ್ತಾಳೆ. ಯಾಕೆ ಅಂದರೆ, "ಬಳಕಿ ಐತಿ ಅಂತ ಕಾಣಬೇಕಲ್ಲ ಗಿರಿಜವ್ವಾ," ಅನ್ನುತ್ತಾಳೆ. ಆ ನೋಟೀಸನ್ನು ನನಗಿಂತ ಚೆನ್ನಾಗಿ ಓದಿಕೊಂಡವಳು ಅವಳು. ನನ್ನ ವರ್ಗಾವಣೆಯ ಪಟ್ಟಿಯೂ ಇನ್ನೂ ಬಂದಿಲ್ಲ. ಫೋನ್ ರಿಂಗಾದರೆ ಮೊದಲು ನಂಬರ್ ನೋಡುತ್ತೇನೆ.

ಮೊನ್ನೆ ಸುಮ್ಮನಿರಲಾರದೆ ಇನ್ನೊಂದು ಉತಾರ ತೆಗೆಸಿದೆ, ನಮ್ಮ ಹೈಸ್ಕೂಲಿನ ಆಟದ ಮೈದಾನದ್ದು. ದಿನಾ ಸಂಜೆ ಹುಡುಗಿಯರು ಖೋಖೋ ಆಡುವ ನೆಲ. ಮಾಲೀಕರ ಕಾಲಮ್ಮಿನಲ್ಲಿ ಸರ್ಕಾರ ಅಂತಿದೆ. ಶಾಲೆ ಅಂತ ಎಲ್ಲೂ ಇಲ್ಲ. ಹೆಡ್‌ಮಾಸ್ತರಿಗೆ ಒಯ್ದು ತೋರಿಸಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ, "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಮೇಡಂ," ಅಂದರು.

ನಿಮಗೆ ಹೇಳಿಬಿಟ್ಟೆ. ನಿಮ್ಮೂರ ಕೆರೆಯ ಉತಾರ ಯಾವಾಗ ನೋಡುತ್ತೀರಿ?