ಎಂಟು ದಿನ ಕಾದ ದ್ರಾಕ್ಷಿ

ಕುರುಗೋಡು ದಾಟಿದ ಮೇಲೆ ಸಿರುಗುಪ್ಪ ಬಸ್ಸು ಪಂಕ್ಚರ್ ಆಯಿತು. ನಾಲ್ಕೈದು ಮಂದಿ ಇಳಿದು ಪಕ್ಕದ ದ್ರಾಕ್ಷಿ ತೋಟದ ನೆರಳಿಗೆ ಹೋದೆವು. ಅಲ್ಲಿ ವೈನ್ ಕಂಪನಿಯ ಸಾಹೇಬನೊಬ್ಬ ಹಣ್ಣು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ.

"ಬರೀ ಸಿಹಿ, ಹುಳಿನೇ ಇಲ್ಲ. ತಂಪು ಸೀಮೆಯಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತೆ, ಹುಳಿ ಉಳಿಯುತ್ತೆ, ವೈನಿಗೆ ಜೀವ ಬರುತ್ತೆ. ನಿಮ್ಮ ಬಿಸಿಲಲ್ಲಿ ಅದೆಲ್ಲಿ ಬರಬೇಕು?"

ತೋಟದ ಯಜಮಾನಿ ಈರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ದಿನಾ ಮುಂಜಾನಿ ಒಂದು ಹಣ್ಣು ಕಚ್ಚಿ ನೋಡ್ತೀನ್ರಿ ಸಾಹೇಬ್ರ. ಹೋದ ಸೋಮವಾರ ಹುಳಿ ಸರಿ ಇತ್ತು. ಕೊಯ್ತೀನಿ ಅಂತ ಫೋನ್ ಮಾಡಿದ್ರ, ನಾ ಬರೋತನಕ ಮುಟ್ಟಬ್ಯಾಡ ಅಂದ್ರಿ. ಎಂಟು ದಿನ ಆತು."

ನನಗೆ ಮೈ ಉರಿಯಿತು. ತಂಪು ಸೀಮೆಯ ಹಣ್ಣು ಬೇಕಾದರೆ ಬಳ್ಳಿಯಲ್ಲಿ ಕಾದೀತು. ಇಲ್ಲಿ ಎಂಟು ದಿನ ಬಿಟ್ಟರೆ ಬಿಸಿಲು ಹುಳಿಯನ್ನೆಲ್ಲ ತಿಂದು ಹಾಕುತ್ತದೆ. ಇಷ್ಟು ಪಾಠ ಹೇಳುವವನಿಗೆ ಅದು ಗೊತ್ತಿರಲಿಲ್ಲವೇ?

"ತಡ ಮಾಡಿದವರು ನೀವು, ಬೈಸಿಕೊಳ್ಳೋದು ಮಾತ್ರ ನಮ್ಮ ಬಿಸಿಲೇನ್ರಿ?" ಎಂದು ಕೇಳಿಯೇ ಬಿಟ್ಟೆ.

ಅವನು ರಸ್ತೆ ಬದಿಗೆ ನಿಲ್ಲಿಸಿದ್ದ ತನ್ನ ಕಾರಿನತ್ತ ನಡೆದ. ಎ.ಸಿ. ನಿಲ್ಲಬಾರದೆಂದು ಎಂಜಿನ್ ಅಷ್ಟು ಹೊತ್ತೂ ಓಡುತ್ತಲೇ ಇತ್ತು. ಬಾಗಿಲು ತೆಗೆದಾಗ ಒಳಗಿನ ತಣ್ಣನೆ ಗಾಳಿ ನಮಗೂ ತಾಕಿತು.

"ಅರ್ಧ ತಾಸು ಬಿಸಿಲಾಗ ನಿಲ್ಲಾಕ ಆಗಲಿಲ್ಲ ಇವ್ರಿಗೆ," ಎಂದಳು ಈರಮ್ಮ. "ನನ್ನ ಹಣ್ಣು ಎಂಟು ದಿನ ನಿಂತೈತಿ."