ಮಹಾಯಾಜಕನ ಅಂಚಿನ ಗೆಜ್ಜೆ

ಒಂದು ಗೆಜ್ಜೆಯೊಳಗಿನ ಗುಂಡು ಉದುರಿಹೋಗಿತ್ತು. ಅದನ್ನೂ ಬಿಡದೆ ಅಮ್ಮನ ಹಳೆಯ ನೀಲಿ ಸೀರೆಯ ಅಂಚಿಗೆ ಹೊಲಿದೆ. ಪಕ್ಕದ ಮನೆಯ ಅಜ್ಜಿ ತಮ್ಮ ಎತ್ತುಗಳ ಕೊರಳಿಂದ ಬಿಚ್ಚಿ ಕೊಟ್ಟ ಗೆಜ್ಜೆಗಳವು.

ಪಿರಿಯಾಪಟ್ಟಣದ ಹತ್ತಿರದ ನಮ್ಮ ಪುಟ್ಟ ಚರ್ಚಿನ ಅಂಗಳದಲ್ಲಿ ಅಂದು ಸಂಜೆ ಕಿರುನಾಟಕವಿತ್ತು. ಹೊಗೆಸೊಪ್ಪು ಬೆಳೆಯುವ ಅಪ್ಪನೇ ಅದರಲ್ಲಿ ಮಹಾಯಾಜಕ. ಬೈಬಲಿನ ಕಾಲದ ಇಸ್ರಾಯೇಲಿನ ಆ ಹಿರಿಯ ಪುರೋಹಿತ ವರ್ಷಕ್ಕೊಮ್ಮೆ, ಜನರ ಪರವಾಗಿ ಒಬ್ಬನೇ, ಪರದೆಯಾಚೆಯ ಮಹಾಪವಿತ್ರ ಸ್ಥಳಕ್ಕೆ ಹೋಗುತ್ತಿದ್ದ. ಅವನ ಎದೆಪದಕದ ಕಲ್ಲುಗಳ ಮೇಲೆ ಜನರ ಕುಲಗಳ ಹೆಸರು. ನಿಲುವಂಗಿಯ ಅಂಚಿಗೆ ಗೆಜ್ಜೆ; ಅಪ್ಪನಿಗೆ ಅಮ್ಮನ ಸೀರೆಯೇ ನಿಲುವಂಗಿ. ಕೊನೆಗೆ ಹಗ್ಗ ಎಳೆದು ಪರದೆಯನ್ನು ಕಳಚಿ ಬೀಳಿಸುವುದು ನನ್ನ ಕೆಲಸ. ಕ್ರಿಸ್ತನೇ ಮಹಾಯಾಜಕನಾದ ಮೇಲೆ ದೇವರ ಬಳಿಗೆ ಯಾರು ಬೇಕಾದರೂ ನೇರವಾಗಿ ಹೋಗಬಹುದೆಂದು ವಿವರಿಸುವುದೂ ನನ್ನದೇ. ನಾಲ್ಕು ಜನರೆದುರು ಮಾತಾಡಿ ನನಗೆ ಅಭ್ಯಾಸವಿಲ್ಲ.

ಅಜ್ಜಿಯೂ ಬಂದು ಮುಂದಿನ ಚಾಪೆಯಲ್ಲಿ ಕೂತರು. ಅವರ ಮೊಮ್ಮಗಳನ್ನು ಚೊಚ್ಚಲ ಹೆರಿಗೆಗೆ ಹುಣಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಮನೆಯವರೆಲ್ಲ ಅಲ್ಲಿ, ದನ ನೋಡಿಕೊಳ್ಳಲು ಅಜ್ಜಿ ಇಲ್ಲಿ. ಬೆಳಗಿನಿಂದ ಸುದ್ದಿಯಿಲ್ಲ.

"ಮನೇಲಿ ಕುಂತ್ರೆ ಜೀವ ತಡೀತಾ ಇಲ್ಲ ಕಣವ್ವ" ಎಂದರು.

ಅಪ್ಪ ಪರದೆಯ ಹಿಂದೆ ಹೋದರು. ಒಳಗಿಂದ ಗೆಜ್ಜೆಯ ಸದ್ದು ಬಂದದ್ದೇ ತಡ, ಅಜ್ಜಿ ಎದ್ದು ನಿಂತು ಕೈಮುಗಿದರು. ಅವರ ದೇವಸ್ಥಾನದಲ್ಲಿ ಪರದೆ ಎಳೆದು ಗಂಟೆ ಬಾರಿಸಿದರೆ ನೈವೇದ್ಯವಾಗುತ್ತಿದೆ ಎಂದರ್ಥ. ಅಪ್ಪ ಹೊರಬಂದಾಗ ಅಜ್ಜಿ ತೀರ್ಥಕ್ಕೆ ಅಂಗೈ ಚಾಚಿ, ಅರ್ಚನೆಗೆ ಹೇಳುವಂತೆ ಮೊಮ್ಮಗಳ ಹೆಸರು, ನಕ್ಷತ್ರ ಹೇಳಿಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಅಪ್ಪ ನನ್ನತ್ತ ನೋಡಿದರು. ನಾನು ಹೇಗೋ ಬಾಯಿ ಬಿಟ್ಟೆ. "ಅಜ್ಜಿ, ನೀವೇ ದೇವರನ್ನ ಕೇಳಬಹುದು."

"ನಾನು ಬೆಳಿಗ್ಗೆಯಿಂದ ಕೇಳ್ತಾನೇ ಇವ್ನಿ. ಇವನೂ ಒಂದು ಮಾತು ಯೋಳ್ಲಿ ಬುಡು. ಅಷ್ಟು ಚೆಂದಾಗಿ ಉಟ್ಕೊಂಡವ್ನೆ."

"ಇದು ನನ್ನ ಹೆಂಡ್ತಿ ಸೀರೆ ಕಣವ್ವ" ಎಂದರು ಅಪ್ಪ.

"ಗೆಜ್ಜೆ ನಮ್ಮೆತ್ತಿಂದು ಕಣಪ್ಪ. ಓಗು ಒಳಕ್ಕೆ."

ಈಗ ಅಂಗಳವೆಲ್ಲ ನಕ್ಕಿತು, ಅಜ್ಜಿ ನಗಲಿಲ್ಲ. ಅಪ್ಪ ಹೆಸರನ್ನು ಇನ್ನೊಮ್ಮೆ ಕೇಳಿಕೊಂಡು, ನಾಟಕದಲ್ಲಿ ಇಲ್ಲದಿದ್ದರೂ ಮತ್ತೆ ಒಳಗೆ ಹೋದರು. ಗೆಜ್ಜೆ ಸದ್ದಾಗಿ ನಿಂತಿತು. ಸ್ವಲ್ಪ ತಡೆದು ನಾನು ಹಗ್ಗ ಎಳೆದೆ. ಪರದೆ ಕಳಚಿ ಬಿತ್ತು. ಒಳಗೆ ಅಪ್ಪ ರಟ್ಟಿನ ಎದೆಪದಕದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ನಿಜವಾಗಿಯೇ ಪ್ರಾರ್ಥಿಸುತ್ತಿದ್ದರು. ಸಿದ್ಧಮಾಡಿಕೊಂಡ ವಿವರಣೆಯಲ್ಲಿ ನನಗೆ ಹೇಳಲಾದದ್ದು ಒಂದೇ ವಾಕ್ಯ: "ಮಹಾಯಾಜಕ ಜನರ ಹೆಸರುಗಳನ್ನು ಎದೆಯ ಮೇಲೆ ಹೊತ್ತುಕೊಂಡೇ ಒಳಗೆ ಹೋಗುತ್ತಾನೆ." ಅಜ್ಜಿ ತಲೆಯಾಡಿಸಿ ಕೂತರು.

ಮರುದಿನ ಬೆಳಿಗ್ಗೆ ಗೆಜ್ಜೆಗಳನ್ನು ಬಿಚ್ಚಿ ತೆಗೆದುಕೊಂಡು ಹೋದೆ. ಅಜ್ಜಿ ಬ್ಯಾಗು ಹಿಡಿದು ಬಾಗಿಲಲ್ಲೇ ಇದ್ದರು.

"ಎಣ್ಣು ಮಗ ಕಣವ್ವ. ಇಬ್ರೂ ಚೆನ್ನಾಗವ್ರೆ. ನಿಮ್ಮಪ್ಪಂಗೂ ಯೋಳ್ಬುಡು. ಬಸ್ ಬತ್ತದೆ, ದನಕ್ಕೆ ನೀರು ಕುಡಿಸು."

ಅವರು ಹೋದ ಮೇಲೆ ಎತ್ತುಗಳಿಗೆ ನೀರು ಕುಡಿಸಿದೆ. ಗುಂಡಿಲ್ಲದ ಗೆಜ್ಜೆಯನ್ನೂ ಸೇರಿಸಿ ಎಲ್ಲವನ್ನೂ ಅವುಗಳ ಕೊರಳಿಗೆ ಕಟ್ಟಿದೆ.